ನೀಲವ್ವನಿಗೆ ನಾನು ಹಾಕಿದ ಕಾಸಿನ ಸರ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಗೋಡೆ. ಮನೆಯವರು ಎದುರಿಗೆ ನಿಂತು "ಬರ್ರಿ, ಕೂಡ್ರಿ" ಅನ್ನುತ್ತಿರುತ್ತಾರೆ, ನನ್ನ ಕಣ್ಣು ಅವರ ತಲೆಯ ಮೇಲಿಂದ ಹಾದು ಬಾಗಿಲ ಮೇಲಿನ ಮೊಳೆಗೆ ಹೋಗಿರುತ್ತದೆ. ಅಲ್ಲಿ ಅಜ್ಜನೋ ಅಜ್ಜಿಯೋ ಗಂಧದ ಹಾರ ಹಾಕಿಕೊಂಡು, ಪಕ್ಕದಲ್ಲೊಂದು ಜೀರೋ ಬಲ್ಬು ಹಚ್ಚಿಸಿಕೊಂಡು ಕೂತಿರುತ್ತಾರೆ. ಅವರ ಯೋಗಕ್ಷೇಮ ವಿಚಾರಿಸಿದ ಮೇಲೆಯೇ ಬದುಕಿರುವವರ ಕಡೆಗೆ ನನ್ನ ಗಮನ. ಇದು ಒಳ್ಳೆಯ ಚಾಳಿಯಲ್ಲ ಎಂದು ಬಲ್ಲೆ. ಬಲ್ಲೆ ಅಂದ ಮಾತ್ರಕ್ಕೆ ಚಾಳಿ ಬಿಡುವುದಾದರೆ ನಮ್ಮ ಊರಿನಲ್ಲಿ ಗುಟ್ಕಾ ಅಂಗಡಿಗಳೇ ಇರುತ್ತಿರಲಿಲ್ಲ.

ಹೆಣ್ಣು ನೋಡಲು ಹೋದಾಗಲೂ ಹೀಗೇ ಆಯಿತು. ಸರೋಜ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದು ನಿಂತಿದ್ದಾಳೆ, ನಾನು ಅವಳ ಹಿಂದಿನ ಗೋಡೆಯ ಮೇಲಿದ್ದ ಅವಳ ಅಜ್ಜನನ್ನು ನೋಡುತ್ತಿದ್ದೇನೆ. ಯಾವ ಪುಣ್ಯಾತ್ಮ ಬರೆದಿದ್ದನೋ, ಅಜ್ಜನ ಎಡಗಿವಿ ಬಲಗಿವಿಗಿಂತ ಒಂದು ಬೆರಳು ಕೆಳಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಸೋದರಮಾವ ಕೇಳಿದ, "ಹೆಂಗಪಾ, ಒಪ್ಪಿಗೇನಾ?" ನಾನು ಇನ್ನೂ ಅದೇ ಗುಂಗಿನಲ್ಲಿದ್ದವನು "ಎಲ್ಲಾ ಸರಿ ಐತೆ ಮಾಮ, ಕಿವಿ ಮಾತ್ರ ಇಳಿಬಿಟ್ಟಾರೆ" ಅಂದೆ. ಆ ಮಾತು ಹೇಗೋ ಹೆಣ್ಣಿನ ಮನೆಗೂ ಮುಟ್ಟಿತು. ಈಗಲೂ ಸರೋಜ ಜಗಳದಲ್ಲಿ ಸೋಲುವ ಲಕ್ಷಣ ಕಂಡರೆ ಕೂದಲು ಹಿಂದಕ್ಕೆ ಸರಿಸಿ ಕಿವಿ ತೋರಿಸುತ್ತಾಳೆ. ನಾನು ಅಲ್ಲಿಗೆ ಸುಮ್ಮನಾಗುತ್ತೇನೆ.

ನಾನು ಮುಖ ಬರೆಯುವವನು. ಎರಡು ದೇಶಗಳಲ್ಲಿ ಬರೆದಿದ್ದೇನೆ ಅಂದರೆ ಕೇಳಿದವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಪೂರ್ತಿ ಕೇಳಿದ ಮೇಲೆ ಮತ್ತೆ ಸಡಿಲವಾಗುತ್ತಾರೆ. ಒಂದು ದೇಶ ಇದೇ ನಮ್ಮದು, ಅದರಲ್ಲೂ ದಾವಣಗೆರೆ, ಹರಿಹರ, ಬಹಳವೆಂದರೆ ಹದಡಿ. ಇನ್ನೊಂದು ಮಸ್ಕತ್. ಇಲ್ಲಿ ಸತ್ತವರ ಮುಖ ಬರೆದೆ, ಅಲ್ಲಿ ಒಂಟೆಗಳ ಮುಖ ಬರೆದೆ. ಬದುಕಿರುವ ಮನುಷ್ಯನೊಬ್ಬ ಎದುರಿಗೆ ಕೂತು "ನನ್ನನ್ನು ಬರಿ" ಅಂದದ್ದು ಎರಡೂ ಕಡೆ ಅಪರೂಪ. ನಮ್ಮ ಕಡೆ ಜೀವಂತ ಇರುವವರ ದೊಡ್ಡ ಚಿತ್ರ ಬರೆಸುವುದು ಅಪಶಕುನ. ಒಬ್ಬ ಹೆಡ್ಮಾಸ್ತರರು ನಿವೃತ್ತಿಯ ಖುಷಿಯಲ್ಲಿ ತಮ್ಮದೇ ಚಿತ್ರಕ್ಕೆ ಆರ್ಡರ್ ಕೊಟ್ಟರು. ಅವರ ಹೆಂಡತಿ ಅದನ್ನು ಹೊಸ್ತಿಲು ದಾಟಿಸಲಿಲ್ಲ. ಚಿತ್ರ ನಮ್ಮ ಅಂಗಡಿಯಲ್ಲೇ ಉಳಿಯಿತು. ನೋಡಿದವರೆಲ್ಲ "ಛೇ, ಒಳ್ಳೆ ಮನುಷ್ಯ" ಎಂದು ಕೈಮುಗಿಯುತ್ತಿದ್ದರು. ಒಮ್ಮೆ ಹಾಗೆ ಕೈಮುಗಿಯುತ್ತಿದ್ದ ಹೆಂಗಸಿನ ಹಿಂದೆಯೇ ಮೇಷ್ಟ್ರು ಬಂದು ನಿಂತು ಕೆಮ್ಮಿದರು. ಆಮೇಲೆ ಆಕೆಗೆ ಸೋಡಾ ತರಿಸಿ ಕುಡಿಸಬೇಕಾಯಿತು.

ನನಗೆ ವಿದ್ಯೆ ಕಲಿಸಿದವರು ಪೇಂಟರ್ ಈರಣ್ಣ. ನಿಟ್ಟುವಳ್ಳಿಯಲ್ಲಿ ಅವರ ಅಂಗಡಿಯ ಎದುರಿಗೇ ಹಿಟ್ಟಿನ ಗಿರಣಿ. ಗಿರಣಿ ಓಡುವಾಗ ಹಿಟ್ಟು ಹಾರಿ ಬಂದು ಹಸಿ ಬಣ್ಣದ ಮೇಲೆ ಕೂರುತ್ತಿತ್ತು. ಬರೆದ ಮುಖಗಳೆಲ್ಲ ಎರಡು ದಿನದಲ್ಲಿ ಒಂದು ಸುತ್ತು ಬೆಳ್ಳಗಾಗುತ್ತಿದ್ದವು. ನಾನು ಪರದೆ ಕಟ್ಟೋಣ ಅಂದರೆ ಈರಣ್ಣ ಬೇಡ ಅಂದರು. "ಸತ್ತ ಮ್ಯಾಲಾದ್ರೂ ಬೆಳ್ಳಗಾಗ್ಲಿ ಬಿಡೋ. ಪೌಡರ್ ಪುಗಸಟ್ಟೆ ಬರ್ತೈತೆ." ಗಿರಾಕಿಗಳೂ ಖುಷಿಯಾಗಿದ್ದರು. ಜೋಳ ಬೀಸಿದ ದಿನದ ಅಜ್ಜಿಯರಿಗೂ ರಾಗಿ ಬೀಸಿದ ದಿನದ ಅಜ್ಜಿಯರಿಗೂ ಬಣ್ಣದಲ್ಲಿ ವ್ಯತ್ಯಾಸ ಇರುತ್ತಿತ್ತು ಎಂಬುದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ನಮ್ಮ ಕೈಗೆ ಬರುತ್ತಿದ್ದ ಫೋಟೋಗಳನ್ನು ನೀವು ನೋಡಬೇಕಿತ್ತು. ರೇಷನ್ ಕಾರ್ಡಿನದ್ದು, ಮತದಾರರ ಚೀಟಿಯದ್ದು, ಇಲ್ಲವಾದರೆ ಯಾರದೋ ಮದುವೆಯ ಗುಂಪಿನಲ್ಲಿ ಕಡಲೆಕಾಳಿನಷ್ಟು ಕಾಣುವ ತಲೆ. ಕೆಲವರು ಬದುಕಿದ್ದಾಗ ಫೋಟೋನೇ ತೆಗೆಸಿರುತ್ತಿರಲಿಲ್ಲ. ಪ್ರಾಣ ಹೋದ ಮೇಲೆ ಗೋಡೆಗೆ ಒರಗಿಸಿ ಕೂರಿಸಿ ತೆಗೆದದ್ದು. ಅಂಥವರ ಕಣ್ಣು ನಾವು ತೆರೆಯಬೇಕು. ಕಣ್ಣು ತೆರೆದರೆ ಸಾಲದು, ಮೈಮೇಲೆ ಅಂಗಿ ಇರುವುದಿಲ್ಲವಲ್ಲ, ಕೋಟು ಹಾಕಬೇಕು. ಈರಣ್ಣನ ಹತ್ತಿರ ಒಂದೇ ಕೋಟು ಇತ್ತು. ಇತ್ತು ಅಂದರೆ ಅವರ ಕೈಯಲ್ಲಿತ್ತು, ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದರು. ಜೀವಮಾನವಿಡೀ ಬನೀನು ಟವೆಲ್ಲಿನಲ್ಲೇ ಕಳೆದ ಹದಡಿಯ ರೈತರೆಲ್ಲ ಗೋಡೆಯ ಮೇಲೆ ಬ್ಯಾಂಕ್ ಮ್ಯಾನೇಜರುಗಳಾಗಿ ಕೂತಿರುವುದು ಹೀಗೆ.

ಹೆಂಗಸರಿಗೆ ಕೋಟಿನ ಬದಲು ಬಂಗಾರ. ಬೆಂಡೋಲೆ, ಮೂಗುಬಟ್ಟು, ಕೊರಳಿಗೊಂದು ಕಾಸಿನ ಸರ. ಸರದ ನಡುವೆ ಮಾವಿನಕಾಯಿ ಆಕಾರದ ಪದಕ. ಈರಣ್ಣನ ಕೈ ಸ್ವಲ್ಪ ನಡುಗುತ್ತಿದ್ದುದರಿಂದ ಆ ಮಾವಿನಕಾಯಿಯ ತುದಿ ಯಾವಾಗಲೂ ಎಡಕ್ಕೆ ಸೊಟ್ಟಗಾಗುತ್ತಿತ್ತು. ಅವರಿಂದ ಕಲಿತ ನನಗೂ, ಕೈ ನಡುಗದಿದ್ದರೂ, ಸೊಟ್ಟ ಮಾವಿನಕಾಯೇ ಬಂತು. ಇದಕ್ಕೆ ಬೇರೆ ದುಡ್ಡಿಲ್ಲ, ಕೇಳುವುದೂ ಇಲ್ಲ. ಚಿತ್ರ ಬರೆಸಿದರೆ ಬಂಗಾರ ಬಂದೇ ಬರುತ್ತದೆ, ತರಕಾರಿ ಜೊತೆಗೆ ಕೊತ್ತಂಬರಿ ಬಂದ ಹಾಗೆ. ಮೊದಮೊದಲು ನಾನು ಅನುಮಾನಿಸಿದ್ದೆ. "ಈಕೆ ಹತ್ರ ಇದು ಇತ್ತಂತಾ ನಿಮಗೆ ಹೆಂಗೆ ಗೊತ್ತು?" ಈರಣ್ಣ ಕುಂಚ ಒರೆಸುತ್ತಾ ಹೇಳಿದ್ದರು, "ಇಲ್ಲಂತಾನೇ ಗೊತ್ತು. ಅದಕ್ಕಾ ಹಾಕೋದು." ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಅನ್ನುತ್ತಾರೆ. ನಾವು ಗುರುಶಿಷ್ಯರು ಆ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದೆವು.

ಹಾಗೆ ಬಂಗಾರ ಹಾಕಿಸಿಕೊಂಡವರಲ್ಲಿ ಹರಿಹರದ ನೀಲವ್ವನೂ ಒಬ್ಬಳು. ತೀರಿಕೊಂಡ ಮೇಲೆ ಅವಳ ಇಬ್ಬರು ಗಂಡುಮಕ್ಕಳು, ದೊಡ್ಡವ ಹಾಲೇಶಪ್ಪ, ಸಣ್ಣವ ಮಹೇಶ, ಫೋಟೋ ತಂದುಕೊಟ್ಟರು. ಅವರ ತಂದೆ ಬಹಳ ಹಿಂದೆ, ಇವರಿನ್ನೂ ಸಣ್ಣ ಹುಡುಗರಿದ್ದಾಗಲೇ ಹೋಗಿದ್ದರಂತೆ. ತಂದದ್ದು ಅದಕ್ಕೂ ಹಿಂದಿನ ಫೋಟೋ, ಯಾರದೋ ಮದುವೆಯದು. ನೀಲವ್ವ ಹಿಂದಿನ ಸಾಲಿನಲ್ಲಿ ಕುಂಕುಮ ಇಟ್ಟುಕೊಂಡು ನಿಂತಿದ್ದಾಳೆ, ಮುಂದೆ ಯಾವುದೋ ಮಗುವಿನ ಬೋಳಿಸಿದ ತಲೆ ಅವಳ ಕುತ್ತಿಗೆಗೆ ಅಡ್ಡ ಬಂದಿದೆ. ಮುಖವೇನೋ ಸಿಕ್ಕಿತು, ಕುತ್ತಿಗೆ ಸಿಗಲಿಲ್ಲ. ನಾನು ಬೋಳುತಲೆ ತೆಗೆದು ಕುತ್ತಿಗೆ ಕೂರಿಸಿದೆ. ಕುತ್ತಿಗೆ ಕೂರಿಸಿದ ಮೇಲೆ ಬರಿದಾಗಿ ಬಿಡುವುದುಂಟೇ? ಕಾಸಿನ ಸರ ಹಾಕಿದೆ. ಮಕ್ಕಳು ನೋಡಿ "ನಮ್ಮವ್ವ ಎದ್ದು ಬಂದಂಗೈತೆ" ಎಂದು ಕಣ್ಣೊರೆಸಿಕೊಂಡು ತೆಗೆದುಕೊಂಡು ಹೋದರು. ನಾನೂ ಮರೆತೆ.

ಮರೆಯಲು ಕಾರಣ ಮಸ್ಕತ್. ಆ ಹೊತ್ತಿಗೆ ಫ್ಲೆಕ್ಸ್ ಬೋರ್ಡುಗಳು ಬಂದಿದ್ದವು. ಮುಂಜಾನೆ ಸತ್ತವರ ಫೋಟೋ ಮಧ್ಯಾಹ್ನಕ್ಕೆ ಆರಡಿ ಎತ್ತರವಾಗಿ ಸರ್ಕಲ್ಲಿನಲ್ಲಿ ನಿಲ್ಲತೊಡಗಿತ್ತು. ನಾನು ಒಂದು ಹುಬ್ಬು ಮುಗಿಸುವಷ್ಟರಲ್ಲಿ ಅವರ ತಿಥಿಯೇ ಮುಗಿದಿರುತ್ತಿತ್ತು. ಮಸ್ಕತ್ತಿನಲ್ಲಿ ಎಸಿ ರಿಪೇರಿ ಮಾಡುತ್ತಿದ್ದ ಸ್ನೇಹಿತನೊಬ್ಬ "ಇಲ್ಲಿ ಕೈಯಿಂದ ಬರೆಯೋರಿಗೆ ಬೆಲೆ ಐತೆ, ಬಾ" ಅಂದ. ಹೋದೆ. ಬೆಲೆಯೇನೋ ಇತ್ತು. ಆದರೆ ಬರೆಸಿಕೊಳ್ಳುವವರು ಒಂಟೆಗಳು ಎಂಬುದನ್ನು ಅವನು ಹೇಳಿರಲಿಲ್ಲ.

ನನ್ನ ಯಜಮಾನ ಸಾಲೆಂ ಸಾಹೇಬರಿಗೆ ಒಂಟೆ ಸಾಕುವ ಹುಚ್ಚು. ಅವರ ಸ್ನೇಹಿತರಿಗೂ ಅದೇ. ದಿವಾನಖಾನೆಯಲ್ಲಿ ತಮ್ಮ ಮೆಚ್ಚಿನ ಒಂಟೆಯ ಎಣ್ಣೆಬಣ್ಣದ ಚಿತ್ರ ಇಟ್ಟುಕೊಳ್ಳುವುದು ಅವರಲ್ಲಿ ಒಂದು ಶೋಕಿ. ನಾನು ಮೊದಲ ಒಂಟೆಯನ್ನು ಈರಣ್ಣನ ಪದ್ಧತಿಯಂತೆಯೇ ಬರೆದೆ. ಜೋತುಬಿದ್ದ ಕೆಳದುಟಿಯನ್ನು ಸ್ವಲ್ಪ ಎತ್ತಿದೆ, ಕಣ್ಣಿಗೆ ಕಾಡಿಗೆ ಹಚ್ಚಿದೆ, ಕೊರಳಿಗೆ ಕೆಂಪು ಗೊಂಡೆ, ಕೆಂಪಿನ ಪಕ್ಕ ಒಂಚೂರು ಬಂಗಾರ. ಸಾಹೇಬರು ಬಂದು ಬಹಳ ಹೊತ್ತು ನೋಡಿದರು. ಆಮೇಲೆ ನಮಗಿಬ್ಬರಿಗೂ ಅರ್ಧಂಬರ್ಧ ಬರುತ್ತಿದ್ದ ಹಿಂದಿಯಲ್ಲಿ ಕೇಳಿದರು, ಇದು ಯಾರು ಎಂದು. ನಿಮ್ಮ ಒಂಟೆ ಅಂದೆ. ಅಲ್ಲ, ಅಂದರು. ಇದು ಯಾವುದೋ ಒಂಟೆ. ನನ್ನದರ ತುಟಿ ಎಲ್ಲಿ?

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾವು ನಗುತ್ತೇವೆ. ಆದರೆ ಹೆಗ್ಗಣವನ್ನು ಹೆಗ್ಗಣವಾಗಿಯೇ ಮುದ್ದು ಮಾಡುವ ಮನುಷ್ಯನನ್ನು ನಾನು ಅಲ್ಲಿ ನೋಡಿದೆ. ನನ್ನನ್ನು ಲಾಯಕ್ಕೆ ಕರೆದುಕೊಂಡು ಹೋಗಿ ಆ ಒಂಟೆಯ ಮುಂದೆ ಸ್ಟೂಲು ಹಾಕಿ ಕೂರಿಸಿದರು. ಒಂಟೆ ನನ್ನನ್ನು ನೋಡುತ್ತಾ ಮೆಲುಕು ಹಾಕಿತು, ನಾನು ಒಂಟೆಯನ್ನು ನೋಡುತ್ತಾ ನನ್ನ ಹಣೆಬರಹವನ್ನು ಮೆಲುಕು ಹಾಕಿದೆ. ಅದರ ಕೆಳದುಟಿ ಬಲಕ್ಕೆ ವಾಲಿತ್ತು, ಮೂಗಿನ ಮೇಲೊಂದು ಹಳೆಯ ಗಾಯದ ಗೆರೆ ಇತ್ತು, ಮುಖದಲ್ಲಿ ಸಾಲ ಕೇಳಲು ಬಂದವನನ್ನು ನೋಡುವ ಸೊಸೈಟಿ ಸೆಕ್ರೆಟರಿಯ ಕಳೆ ಇತ್ತು. ಎಲ್ಲವನ್ನೂ ಇದ್ದ ಹಾಗೆ ಬರೆದೆ. ಸಾಹೇಬರು ಚಿತ್ರದ ತುಟಿಯನ್ನು ಬೆರಳಿಂದ ಮುಟ್ಟಲು ಹೋಗಿ, ಬಣ್ಣ ಹಸಿ ಇದೆ ಎಂದು ನೆನಪಾಗಿ ಕೈ ಹಿಂದಕ್ಕೆ ತೆಗೆದರು. ಇಲ್ಲಿ ಇಷ್ಟು ವರ್ಷ ಮನುಷ್ಯರನ್ನು ಬರೆದರೂ ನನಗೆ ಯಾರೂ ಕಲಿಸದಿದ್ದ ಪಾಠವನ್ನು ಒಂದು ಒಂಟೆ ಕಲಿಸಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ವರ್ಷಗಟ್ಟಲೆ ಒಂಟೆ ಬರೆದು, ಬೆನ್ನು ಒಂಟೆಯಂತೆಯೇ ಆದ ಮೇಲೆ ನಿಟ್ಟುವಳ್ಳಿಗೆ ವಾಪಸಾದೆ. ಈರಣ್ಣ ತೀರಿಕೊಂಡಿದ್ದರು. ಗಿರಣಿ ಮಾತ್ರ ಇತ್ತು. ಅದೇ ಅಂಗಡಿಯನ್ನು ಮತ್ತೆ ತೆರೆದೆ. ಈಗಿನ ಮಕ್ಕಳು ಫೋನಿನಲ್ಲಿ ಸತ್ತ ಅಜ್ಜನ ಫೋಟೋ ಹಾಕಿ ಏನೋ ಒತ್ತಿದರೆ ಅಜ್ಜ ಕಣ್ಣು ಮಿಟುಕಿಸಿ ನಗುತ್ತಾನೆ. ಸರೋಜಳ ತಮ್ಮನ ಮಗಳು ಹಾಗೆ ಮಾಡಿ ತೋರಿಸಿದಾಗ, ಜೀವನದಲ್ಲಿ ಒಮ್ಮೆಯೂ ನಗದೆ ತೀರಿಕೊಂಡ ನಮ್ಮ ಮಾವ ಎಂಟು ಹಲ್ಲು ಬಿಟ್ಟು ನಕ್ಕರು. ಅತ್ತೆ ಹೆದರಿ ಒಳಗೆ ಹೋಗಿ ದೀಪ ಹಚ್ಚಿದರು. ಇಂಥ ಕಾಲದಲ್ಲೂ ಕೈಯಿಂದ ಬರೆದ ಚಿತ್ರವೇ ಬೇಕು ಅನ್ನುವ ನಾಲ್ಕು ಮಂದಿ ಇದ್ದಾರೆ. ನನಗೆ ಅಷ್ಟು ಸಾಕು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಅಂಗಡಿ ಮುಂದೆ ಕಾರು ನಿಂತಿತು. ಹಾಲೇಶಪ್ಪ ಇಳಿದ, ಹಿಂದೆ ಮಹೇಶ. ಕೂದಲು ಬೆಳ್ಳಗಾಗಿದ್ದರೂ ಮುಖ ಗುರುತು ಸಿಕ್ಕಿತು. ಇಬ್ಬರದೂ ನೀಲವ್ವನ ಗಲ್ಲ. ಹಾಲೇಶಪ್ಪ ಕೂರುತ್ತಲೇ ಫೋನ್ ತೆಗೆದು ಗೋಡೆಯ ಮೇಲಿನ ತಾಯಿಯ ಚಿತ್ರ ತೋರಿಸಿದ. ಹೆಬ್ಬೆರಳು ತೋರುಬೆರಳಿನಿಂದ ಅಗಲಿಸಿ ಕೊರಳನ್ನು ದೊಡ್ಡದು ಮಾಡಿದ.

"ಪೇಂಟ್ರೇ, ನೀವು ಆ ಫೋಟೋನ ಕಣ್ಣಿಟ್ಟು ನೋಡಿದೋರು. ಈ ಸರ ಎಷ್ಟು ತೊಲ ಇರ್ಬೋದ್ರಿ?"

ನಾನು ತಮಾಷೆಗೆ ಕೇಳುತ್ತಿದ್ದಾನೆ ಅಂದುಕೊಂಡು, "ತೊಲ ಎಲ್ಲಿ ಬಂತ್ರಿ, ಹಳದಿ ಬಣ್ಣ ಒಂದು ಕಡಲೆಬ್ಯಾಳಿಯಷ್ಟು" ಅಂದೆ. ಅವನು ನಗಲಿಲ್ಲ.

ವಿಷಯ ಇಷ್ಟು. ಹಾಲೇಶಪ್ಪನ ಮಗಳಿಗೆ ಮದುವೆ ಗೊತ್ತಾಗಿತ್ತು. ಮದುಮಗಳಿಗೆ ಅಜ್ಜಿಯ ಕಾಸಿನ ಸರ ಹಾಕಿ ಧಾರೆ ಎರೆಯಬೇಕು ಎಂದು ಮನೆಯ ಹೆಂಗಸರಿಗೆ ಆಸೆ ಹುಟ್ಟಿತು. ಆಸೆ ಎಲ್ಲಿಂದ ಹುಟ್ಟಿತು ಅಂದರೆ ಗೋಡೆಯಿಂದ. ಸರ ಎಲ್ಲಿ ಎಂದು ಹುಡುಕಿದರು. ನೀಲವ್ವ ಕೊನೆಯ ಒಂದು ವರ್ಷ ನಂದಿಗುಡಿಯಲ್ಲಿ ಮಗಳು ಕೊಟ್ರಮ್ಮನ ಮನೆಯಲ್ಲಿದ್ದು, ಅಲ್ಲೇ ಪ್ರಾಣ ಬಿಟ್ಟಿದ್ದಳು. ಕೊಟ್ರಮ್ಮ ಈ ಇಬ್ಬರಿಗೂ ಅಕ್ಕ. ತಾಯಿಯ ಹೇಲು ಉಚ್ಚೆ ಬಳಿದವಳು ಅವಳೇ. ಹಾಗಾದರೆ ಸರ ಅಲ್ಲೇ ಇರಬೇಕು ಎಂದು ಲೆಕ್ಕ ಹಾಕಿದರು. ಕೊಟ್ರಮ್ಮ "ಅವ್ವನ ಹತ್ರ ಅಂಥಾದ್ದು ಇರ್ಲೇ ಇಲ್ಲ" ಅಂದಳು. ಇವರು ನಂಬಲಿಲ್ಲ. ಅಣ್ಣತಮ್ಮಂದಿರು ಹೆಂಡತಿಯರೊಡನೆ ನಂದಿಗುಡಿಗೆ ಹೋಗಿ, ಓಣಿಯವರೆಲ್ಲ ನೋಡುತ್ತಿರುವಾಗ ಅಕ್ಕನ ಟ್ರಂಕು ತೆಗೆಸಿ, ಸೀರೆಗಳನ್ನು ಒಂದೊಂದಾಗಿ ಕೊಡವಿ ನೋಡಿ ಬಂದಿದ್ದರು. ಸರ ಸಿಗಲಿಲ್ಲ. ಸಿಗದಿದ್ದರೆ ಮಾರಿರಬೇಕು. ಅವಳಿಗೊಬ್ಬಳು ಮಗಳಿದ್ದಾಳಲ್ಲ, ಅವಳ ಮದುವೆಗೆ ಕರಗಿಸಿರಬೇಕು. ಈಗ ಮದುವೆಯ ಕರೆಯೋಲೆ ನಂದಿಗುಡಿಗೆ ಕೊಡಕೂಡದು, ಅಕ್ಕನಿಗೆ ಇನ್ನು ತವರಿಲ್ಲ ಎಂದು ತೀರ್ಮಾನ. ನನ್ನ ಹತ್ತಿರ ಬಂದದ್ದು ತೂಕ ಎಷ್ಟೆಂದು ತಿಳಿದು ಹಿರಿಯರ ಮುಂದೆ ಇಡುವುದಕ್ಕೆ.

ನಿಜ ಹೇಳುತ್ತೇನೆ, ಆ ಹೆಂಗಸಿನ ಸೀರೆಗಳು ಅಂಗಳದಲ್ಲಿ ಬಿದ್ದದ್ದು ಕಣ್ಣಿಗೆ ಕಟ್ಟಿತು. "ಹಾಲೇಶಪ್ಪಾರೆ, ಆ ಸರ ನಾನು ಹಾಕಿದ್ದು. ಫೋಟೋದಾಗ ಕೊಳ್ಳೇ ಇರ್ಲಿಲ್ಲ, ಹುಡುಗನ ತಲೆ ಇತ್ತು" ಅಂದೆ.

"ನೀವ್ಯಾಕ ಇಲ್ಲದ್ದು ಹಾಕ್ತೀರಿ?"

"ಎಲ್ಲರಿಗೂ ಹಾಕ್ತೀವ್ರಿ."

ಮಹೇಶ ಅಣ್ಣನ ಕಡೆ ನೋಡಿದ. "ನಾ ಹೇಳ್ಲಿಲ್ಲಾ? ಅಕ್ಕ ಇಲ್ಲಿಗೂ ಬಂದು ಹೋಗ್ಯಾಳ." ಹಾಲೇಶಪ್ಪ ತಲೆಯಾಡಿಸಿದ. "ಮತ್ತ ನನಗ ನೆನಪೈತಲ್ರಿ. ಸಣ್ಣಾವಿದ್ದಾಗ ಅವ್ವ ಬಗ್ಗಿದ್ರ ಕೊಳ್ಳಾಗ ಫಳ್ ಅಂತಿತ್ತು."

ಇದಕ್ಕೇನು ಹೇಳುತ್ತೀರಿ? ನಾನು ಬರೆದದ್ದನ್ನು ನಂಬುತ್ತಾರೆ, ಬರೆದ ನನ್ನನ್ನು ನಂಬುವುದಿಲ್ಲ. ಅಷ್ಟು ವರ್ಷ ದಿನಾ ಎರಡು ಹೊತ್ತು ಆ ಚಿತ್ರಕ್ಕೆ ಊದಿನಕಡ್ಡಿ ಬೆಳಗಿ ಬೆಳಗಿ, ಸೊಟ್ಟ ಮಾವಿನಕಾಯಿ ಅವನ ಬಾಲ್ಯದೊಳಕ್ಕೇ ಇಳಿದುಬಿಟ್ಟಿತ್ತು. ಒಂಟೆಯ ಚಿತ್ರವಾಗಿದ್ದರೆ ಸಾಲೆಂ ಸಾಹೇಬರು ಇಲ್ಲದ್ದನ್ನು ಕೂಡಲೇ ಹಿಡಿಯುತ್ತಿದ್ದರು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಅಂಗಡಿಗೆ ಬೀಗ ಹಾಕಿದೆ. "ನಿಮ್ಮ ಕಾರಿನಾಗ ಹೋಗಾಣ ಬರ್ರಿ. ಇದೇ ಸರ ಇನ್ನೊಬ್ಬರ ಕೊಳ್ಳಾಗ ತೋರಿಸ್ತೀನಿ."

ಹದಡಿಯ ತಿಪ್ಪಣ್ಣನ ಮನೆಗೆ ಕರೆದುಕೊಂಡು ಹೋದೆ. ಅವನ ತಾಯಿಯನ್ನು ಬರೆದವನು ನಾನೇ. ಪಡಸಾಲೆಯಲ್ಲಿ ಆಕೆ ಹಾಗೇ ಇದ್ದಳು, ಕೊರಳಲ್ಲಿ ಕಾಸಿನ ಸರ, ಪದಕದ ತುದಿ ಎಡಕ್ಕೆ. ಹಾಲೇಶಪ್ಪ ಫೋನು ಹಿಡಿದು ಪಕ್ಕಪಕ್ಕ ಇಟ್ಟು ನೋಡಿದ. ಅವನ ಮುಖ ಸ್ವಲ್ಪ ಬದಲಾಯಿತು. ನಾನು ಗೆದ್ದೆ ಅಂದುಕೊಂಡೆ. ಸುಮ್ಮನಿರದೆ ತಿಪ್ಪಣ್ಣನನ್ನು ಕೇಳಿದೆ, "ನೀವಾ ಹೇಳ್ರಿ, ನಿಮ್ಮ ತಾಯಿ ಇಂಥಾ ಸರ ಹಾಕ್ಕೊಂಡಿದ್ರಾ?"

"ಹಾಕ್ಕೊಳ್ದೇನು!" ಎಂದ ತಿಪ್ಪಣ್ಣ, ಮೀಸೆಯ ಮೇಲೆ ಕೈ ಆಡಿಸುತ್ತಾ. "ನಮ್ಮವ್ವಂದು ಖರೇ ಬಂಗಾರ. ಬೋರ್ ಕೊರ್ಸಾಕ ಮಾರಿದ್ವಿ. ನೀರು ಬಂತು ನೋಡ್ರಿ, ಅವ್ವನ ಪುಣ್ಯ."

ಹಾಲೇಶಪ್ಪ ನನ್ನ ಕಡೆ ತಿರುಗಿದ. ಅವನ ನೋಟದಲ್ಲಿ ನನಗೆ ಮಸ್ಕತ್ತಿನ ಆ ಒಂಟೆ ಕಂಡಿತು. ಮಹೇಶ ಆಗಲೇ ತಿಪ್ಪಣ್ಣನನ್ನು, "ಯಾವ ಅಕ್ಕಸಾಲಿ ಮಾಡಿದ್ದಂತ್ರಿ? ನಮ್ಮವ್ವಂದೂ ಇದಾ ಡಿಸೈನು" ಎಂದು ವಿಚಾರಿಸತೊಡಗಿದ್ದ. ತಿಪ್ಪಣ್ಣ ಆ ಅಕ್ಕಸಾಲಿಯ ಹೆಸರು, ಅಂಗಡಿ, ಅವನಿಗಿದ್ದ ಕೆಮ್ಮು ಎಲ್ಲವನ್ನೂ ಹೇಳಿದ. ಸುಳ್ಳು ಹೇಳುವವರ ಮುಖ ನನಗೆ ಗೊತ್ತು. ತಿಪ್ಪಣ್ಣ ಸುಳ್ಳು ಹೇಳುತ್ತಿರಲಿಲ್ಲ, ನಾನು ಬರೆದ ಸರವನ್ನು ಮನಸಾರೆ ನಂಬಿದ್ದ, ಅದೇ ಕಷ್ಟವಾದದ್ದು.

ನಿಟ್ಟುವಳ್ಳಿಗೆ ಬಂದಾಗ, ಕನಿಷ್ಠ ಚಹಾ ಕುಡಿದು ಹೋಗಲಿ ಎಂದು ಮನೆಗೆ ಕರೆದೆ. ಸರೋಜಳಿಗೆ ಅಡುಗೆಮನೆಯಲ್ಲಿ ಎಲ್ಲ ಹೇಳಿದೆ. ಇನ್ನು ನಂದಿಗುಡಿಯ ಆ ಹೆಂಗಸಿನ ಮುಖ ಹೇಗೆ ನೋಡಲಿ ಎಂದೆ. ಅವಳು ಚಹಾ ಸೋಸುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕಂಡೋರ ಮನಿ ಗೋಡೆ ಎಲ್ಲಾ ನೋಡ್ತೀರಿ. ನಿಮ್ಮ ಮನಿ ಗೋಡೆ ಯಾವಾಗ ನೋಡಿದ್ರಿ?"

ತಟ್ಟೆ ಹಿಡಿದು ಹೊರಗೆ ಬಂದೆ. ಅಣ್ಣತಮ್ಮ ಇಬ್ಬರೂ ಕೂತಿದ್ದ ಸೋಫಾದ ಹಿಂದಿನ ಗೋಡೆಯ ಮೇಲೆಯೇ ನನ್ನ ಅವ್ವ ಇದ್ದಳು. ಅವಳನ್ನು ನಾನು ಬರೆದದ್ದು ಈರಣ್ಣನ ಹತ್ತಿರ ಕೆಲಸ ಕಲಿತ ಹೊಸತರಲ್ಲಿ. ಕೊರಳಲ್ಲಿ ಕಾಸಿನ ಸರ, ನಡುವೆ ಸೊಟ್ಟ ಮಾವಿನಕಾಯಿ. ನಾನೇ ಮರೆತಿದ್ದೆ.

"ಹಾಲೇಶಪ್ಪಾರೆ, ಹಿಂದ ತಿರುಗಿ ನೋಡ್ರಿ. ಅವರು ನಮ್ಮವ್ವ."

ಇಬ್ಬರೂ ಎದ್ದು ತಿರುಗಿದರು.

"ನಮ್ಮವ್ವ ಮಂಡಕ್ಕಿ ಭಟ್ಟಿಯಾಗ ಕೆಲಸ ಮಾಡ್ತಿದ್ಲು" ಅಂದೆ. ಮಂಡಕ್ಕಿ ಭಟ್ಟಿ ಎಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಟ್ಟು ಉರಿಸಿದ ಬೆಂಕಿ, ಪುರಿ ಹುರಿಯುವ ಕಾದ ಮರಳು, ಹೊಗೆ. ಸಂಜೆ ಮನೆಗೆ ಬಂದಾಗ ಅವ್ವನ ಕಣ್ಣಿನ ಬಿಳಿ ಬಿಟ್ಟು ಉಳಿದದ್ದೆಲ್ಲ ಮಸಿಯಾಗಿರುತ್ತಿತ್ತು. "ಕೊಳ್ಳಾಗ ಅರಿಷಿಣಕೊಂಬಿನ ದಾರ ಇತ್ರಿ. ಬೆವರಿಗೆ ಅದೂ ಕಪ್ಪಾಗಿತ್ತು. ಅದನ್ನ ಬರಿಯಾಕ ನನಗ ಮನಸ್ಸು ಬರ್ಲಿಲ್ಲ. ಈ ಸರ ಹಾಕಿದೆ. ಭಟ್ಟಿಯಾಗ ಕಾಸಿನ ಸರ ಹಾಕ್ಕೊಂಡು ಯಾರಾದ್ರೂ ಕೆಲಸ ಮಾಡ್ತಾರೇನ್ರಿ?"

ಹಾಲೇಶಪ್ಪ ಫೋನು ಎತ್ತಿ ಹಿಡಿದು, ಇಳಿಸಿ, ಮತ್ತೆ ಎತ್ತಿದ. ಆಮೇಲೆ ಚಹಾ ಮುಟ್ಟದೆ, "ನಂದಿಗುಡಿಗೆ ಹೋಗಾಣ. ನೀವೂ ಬರ್ರಿ" ಅಂದ. ನನ್ನನ್ನು ಯಾಕೆ ಕರೆದ ಎಂದು ದಾರಿಯಲ್ಲಿ ಅರ್ಥವಾಯಿತು. ತಪ್ಪು ಹೊರಿಸಲು ಒಬ್ಬ ಬೇಕಿತ್ತು.

ಕೊಟ್ರಮ್ಮ ಮನೆಯ ಮುಂದೆ ಭತ್ತ ಹರವಿಕೊಂಡು ಕೋಳಿ ಕಾಯುತ್ತಿದ್ದಳು. ಕಾರು ನೋಡಿ ಏಳಲಿಲ್ಲ. ಕೈಯಲ್ಲಿದ್ದ ಕೋಲನ್ನೂ ಕೆಳಗಿಡಲಿಲ್ಲ. ಓಣಿಯ ಎರಡು ಬಾಗಿಲು ತೆರೆದುಕೊಂಡವು. ಈ ಸಲ ಏನು ಕೊಡವುತ್ತಾರೋ ಎಂದು ನೋಡಲು ಇರಬೇಕು.

"ಅಕ್ಕ, ಈ ಪೇಂಟ್ರು ಮಾಡಿದ ಕೆಲಸ ನೋಡು" ಎಂದು ಹಾಲೇಶಪ್ಪ ಶುರು ಮಾಡಿದ. ನನ್ನ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಿದ. ಅದರಲ್ಲಿ ನಾನು ದೊಡ್ಡ ಖದೀಮನಾಗಿದ್ದೆ, ಅವನು ಪತ್ತೇದಾರನಾಗಿದ್ದ. ನಾನು ತಲೆ ತಗ್ಗಿಸಿ ನಿಂತು ಒಪ್ಪಿಕೊಂಡೆ. ಒಂದು ತವರು ವಾಪಸು ಸಿಗುವುದಾದರೆ ಖದೀಮನಾಗುವುದು ಅಂಥ ನಷ್ಟವೇನಲ್ಲ.

ಕೊಟ್ರಮ್ಮ ಎಲ್ಲ ಕೇಳಿದಳು. "ನಾನು ಮೊದ್ಲ ದಿನಾನೇ ಹೇಳಿದ್ನಲ್ಲೋ" ಅಂದಳು. "ಅವ್ವನ ಕೊಳ್ಳಾಗ ತಾಳಿ ಬಿಟ್ರ ಏನೂ ಇರ್ಲಿಲ್ಲ, ನಾ ಕಂಡೀನಿ, ನೀವಿನ್ನೂ ಹುಟ್ಟಿರ್ಲಿಲ್ಲ ಅಂದೆ. ಅಕ್ಕನ ಮಾತು ನಂಬ್ಲಿಲ್ಲ, ಗ್ವಾಡಿ ಮಾತು ನಂಬಿದ್ರಿ."

ಹಾಲೇಶಪ್ಪ ಮದುವೆಗೆ ಬಾ ಅಂದ. ನೀನಿಲ್ಲದೆ ಧಾರೆ ಎರೆಯುವುದಿಲ್ಲ ಅಂದ. ಕ್ಷಮಿಸು ಎಂಬ ಮಾತು ಮಾತ್ರ ಅವನ ಬಾಯಿಗೆ ಬರಲಿಲ್ಲ. ಅದರ ಬದಲಿಗೆ, "ಇವರ ಕೈಲೇ ಆ ಸರ ಕೆರೆಸಿ ತೆಗೆಸ್ತೀನಿ ಅಕ್ಕ, ಇವತ್ತಾ" ಅಂದ. ನಾನೂ ಹೂಂ ಅಂದೆ. ಚಾಕು, ಟರ್ಪಂಟೈನು ತಂದರೆ ಅರ್ಧ ಗಂಟೆಯ ಕೆಲಸ.

"ಬ್ಯಾಡ" ಅಂದಳು ಕೊಟ್ರಮ್ಮ. "ಬದುಕಿದ್ದಾಗ ಒಂದು ದಿನ ಹಾಕ್ಕೊಳ್ಲಿಲ್ಲ. ಅಲ್ಲಾದ್ರೂ ಹಾಕ್ಕೊಂಡು ಕುಂದ್ರಲಿ." ಕೋಳಿಯೊಂದು ಭತ್ತಕ್ಕೆ ಬಾಯಿ ಹಾಕಿತು. ಅವಳು ಕೋಲು ಬೀಸಿ ಅದನ್ನು ಓಡಿಸಿದಳು. "ಮದುವಿಗೆ ಬರ್ತೀನಿ. ಸೋದರತ್ತಿ ನಾನು, ಬರದೆ ಇರಾಕ ಆಗ್ತೈತಾ?"

ಹಾಲೇಶಪ್ಪ ಕಣ್ಣೊರೆಸಿಕೊಂಡ. ಮಹೇಶ ಚಪ್ಪಲಿ ಬಿಟ್ಟು ಭತ್ತದ ಅಂಚಿಗೆ ಬಂದು ಕೂತ. ಅಷ್ಟಕ್ಕೆ ಮುಗಿಯಿತು ಎಂದುಕೊಂಡು ನಾನು ಕಾರಿನ ಕಡೆ ತಿರುಗಿದೆ. ಆಗ ಅವಳು ನನ್ನನ್ನು ಕರೆದಳು. ಕಣ್ಣಲ್ಲಿ ನೀರಿರಲಿಲ್ಲ, ಕೋಪವೂ ಇರಲಿಲ್ಲ. ಗಿರಾಕಿಯೊಬ್ಬರು ಆರ್ಡರ್ ಕೊಡುವ ದನಿಯಲ್ಲಿ ಹೇಳಿದಳು.

"ಪೇಂಟ್ರೇ, ನಾನು ಹೋದ ಮ್ಯಾಲೆ ನನ್ನ ಫೋಟೋನೂ ನಿಮ್ಮ ಹತ್ರಾನೇ ತರ್ತಾರೆ ಇವರು. ಆವಾಗ ನನ್ನ ಕೊಳ್ಳಿಗೆ ಏನೂ ಹಾಕಬ್ಯಾಡ್ರಿ. ನನ್ನ ಮಗಳ ಟ್ರಂಕು ಯಾರೂ ತೆಗಿಬಾರ್ದು."